ಪೈಥಾನ್‌ನಲ್ಲಿ ಸ್ಟ್ರಿಂಗ್ ಒಡೆಯೋದು: ಎಲ್ಲಿಗೆ ಯಾವ ಸ್ಪ್ಲಿಟ್?

ಸ್ಟ್ರಿಂಗ್ (ಕೋಟ್ಸ್ ಒಳಗೆ ಬರೆಯೋ ಟೆಕ್ಸ್ಟ್) ಒಡೆಯೋಕೆ ಎಲ್ಲರೂ ಮೊದ್ಲು ಕಲಿಯೋದು ಸ್ಪ್ಲಿಟ್(). ಆದ್ರೆ ಯಾವುದ್ರಿಂದ ಒಡೀಬೇಕು ಅನ್ನೋದಕ್ಕಿಂತ ಮುಂಚೆ, ಮಧ್ಯೆ ಬರೋ ಖಾಲಿ ತುಂಡು ನಿಮಗೆ ಬೇಕಾ ಬೇಡ್ವಾ ಅಂತ ಯೋಚ್ನೆ ಮಾಡಿ, ಅರ್ಧ ತಲೆನೋವು ಅಲ್ಲೇ ಮುಗಿಯತ್ತೆ. (ಫಂಕ್ಷನ್ ಹೆಸರು ಇಲ್ಲಿ ಕನ್ನಡದಲ್ಲಿ ಬರ್ದಿದೀನಿ, ಎಡಿಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೀರಿ.)

ಬ್ರಾಕೆಟ್ ಒಳಗೆ ಏನೂ ಕೊಡ್ದೇ ಇದ್ರೆ ಸ್ಪೇಸ್, ಟ್ಯಾಬ್, ಹೊಸ ಸಾಲು ಎಷ್ಟೇ ಒಟ್ಟಿಗಿದ್ರೂ ಒಂದೇ ಗ್ಯಾಪ್ ಅಂತ ತಗೊಳತ್ತೆ, ಹಿಂದೆ ಮುಂದೆ ಇರೋದನ್ನೂ ಬಿಟ್ಬಿಡತ್ತೆ:

' ರಾಗಿ  ಜೋಳ '.ಸ್ಪ್ಲಿಟ್() → ['ರಾಗಿ', 'ಜೋಳ']
' ರಾಗಿ  ಜೋಳ '.ಸ್ಪ್ಲಿಟ್(' ') → ['', 'ರಾಗಿ', '', 'ಜೋಳ', '']

ಜನ ಟೈಪ್ ಮಾಡಿರೋ ಟೆಕ್ಸ್ಟ್‌ಗೆ ಮೊದಲನೇದೇ ಸರಿ. ಅದೇ ಕಾಮಾ ಇರೋ ಡೇಟಾ ಆದ್ರೆ 'ರಾಗಿ,,40' ಅಲ್ಲಿ ಮಧ್ಯದ ಖಾಲಿ ಇರ್ಲೇಬೇಕು, ಅದನ್ನ ತೆಗೆದ್ರೆ 40 ಪಕ್ಕದ ಕಾಲಮ್‌ಗೆ ಜಾರತ್ತೆ. ಇನ್ನು ಕೋಟ್ಸ್ ಒಳಗೇ ಕಾಮಾ ಇರೋ ಫೈಲ್ ಬಂದ್ರೆ ಸ್ಪ್ಲಿಟ್ ಬೇಡ್ವೇ ಬೇಡ, ಸಿಎಸ್‌ವಿ ಮಾಡ್ಯೂಲ್ ಅದಕ್ಕಂತಲೇ ಇದೆ.

ಒಂದು ಕಡೆ ಮಾತ್ರ ಒಡೀಬೇಕಾ? ಎರಡನೇ ಆರ್ಗ್ಯುಮೆಂಟ್ ಆಗಿ 1 ಕೊಡಿ. 'ಸಮಯ:10:45'.ಸ್ಪ್ಲಿಟ್(':', 1) ಅಂದ್ರೆ ['ಸಮಯ', '10:45'] ಬರತ್ತೆ, ಗಂಟೆ ನಿಮಿಷ ಬೇರೆ ಆಗಲ್ಲ. ಬಲಗಡೆಯಿಂದ ಬೇಕಿದ್ರೆ ಆರ್‌ಸ್ಪ್ಲಿಟ್. ಆದ್ರೆ ಕೋಲನ್ನೇ ಇಲ್ದಿರೋ ಸಾಲು ಬಂದು ನೀವು ಎರಡು ವೇರಿಯಬಲ್‌ಗೆ ಹಾಕ್ತಾ ಇದ್ರೆ ಎರರ್ ಬರತ್ತೆ, ಅದಕ್ಕೇ ನಂಗೆ ಪಾರ್ಟಿಷನ್ ಇಷ್ಟ: ಸಿಕ್ಲಿ ಸಿಗ್ದೇ ಇರ್ಲಿ, ಯಾವಾಗ್ಲೂ ಮೂರೇ ತುಂಡು (ಮುಂಚಿನದು, ಚಿಹ್ನೆ, ಆಮೇಲಿನದು) ಕೊಡತ್ತೆ.

ಸಾಲು ಸಾಲಾಗಿ ಬೇಕಂದ್ರೆ ಸ್ಪ್ಲಿಟ್‌ಲೈನ್ಸ್, ವಿಂಡೋಸ್ ಸಾಲಿನ ಕೊನೆನೂ ಸರಿಯಾಗಿ ಹಿಡಿಯತ್ತೆ.

ಸ್ಪ್ಲಿಟ್(',;') ಅಂದ್ರೆ ಕಾಮಾ ಅಥವಾ ಸೆಮಿಕೋಲನ್ ಅಂತ ಅಲ್ಲ, ಎರಡೂ ಅದೇ ಆರ್ಡರ್‌ನಲ್ಲಿ ಒಟ್ಟಿಗೇ ಇರ್ಬೇಕು. ಎರಡ್ರಲ್ಲಿ ಒಂದು ಅನ್ನೋಕೆ, ಪ್ಯಾಟರ್ನ್ ಕೊಟ್ಟು ಹುಡುಕೋ ಆರ್‌ಇ ಮಾಡ್ಯೂಲ್‌ನ ಸ್ಪ್ಲಿಟ್‌ಗೆ '[,;] *' ಕೊಡಿ. ಆ ಚಿಹ್ನೆನೂ ಲಿಸ್ಟ್‌ನಲ್ಲಿ ಉಳೀಬೇಕಂದ್ರೆ '([,;]) *'.

ಈಗ ಕನ್ನಡದವರಿಗೆ ನಿಜವಾಗ್ಲೂ ಬೇಕಾಗಿರೋದು. ಅಕ್ಷರ ಅಕ್ಷರ ಬಿಡಿಸೋಕೆ ಸ್ಪ್ಲಿಟ್('') ಅಂದ್ರೆ ವ್ಯಾಲ್ಯೂಎರರ್ ಬರತ್ತೆ, ಸರಿ ಅಂತ ಲಿಸ್ಟ್('ಕನ್ನಡ') ಮಾಡಿದ್ರೆ ಮೂರರ ಬದ್ಲು ಐದು ತುಂಡು ಬರತ್ತೆ, ಯಾಕಂದ್ರೆ ಪೈಥಾನ್ ಎಣಿಸೋದು ಒಂದೊಂದು ಚಿಹ್ನೆಗೂ ಬೇರೆ ಬೇರೆ ಕೊಟ್ಟಿರೋ ನಂಬರ್, ಅಂದ್ರೆ ಯೂನಿಕೋಡ್ ಕೋಡ್ ಪಾಯಿಂಟ್‌ನ, ಒತ್ತಕ್ಷರದ ಮಧ್ಯದ ಹಲಂತನೂ ಅದಕ್ಕೆ ಒಂದು ಲೆಕ್ಕ. ಇಲ್ಲಿ ಒಡೆಯೋದು ಬಿಟ್ಟು ಹುಡುಕಿ. ಆರ್‌ಇ ಮಾಡ್ಯೂಲ್‌ನ ಫೈಂಡ್‌ಆಲ್‌ಗೆ ಈ ಪ್ಯಾಟರ್ನ್:

'[ಅ-ಹ](?:್[ಕ-ಹ])*[ಂಃಾ-ೖ]*'

'ಕನ್ನಡ' → ['ಕ', 'ನ್ನ', 'ಡ']
'ಪೈಥಾನ್' → ['ಪೈ', 'ಥಾ', 'ನ್']

ಸ್ಪೇಸ್, ಅಂಕಿ, ಇಂಗ್ಲಿಷ್ ಅಕ್ಷರ ಇದ್ರಲ್ಲಿ ಬಿಟ್ಟುಹೋಗ್ತವೆ, ಅವೂ ಬೇಕಂದ್ರೆ ಕೊನೆಗೆ '|.' ಸೇರಿಸ್ಕೊಳ್ಳಿ.