ಕೈಯಲ್ಲಿ ನವಣೆ ತೆನೆ, ಬೆರಳ ಮೇಲೆ ಬಡ್ಗಿ: ಮನೆಯ ಹಕ್ಕಿಗೆ ಆಟ ಕಲಿಸುವ ಬಗೆ

ಧಾರವಾಡದ ಸುತ್ತಲಿನ ಹೊಲಗಳಲ್ಲಿ ಜೋಳ ತೆನೆ ಬಿಟ್ಟಾಗ ಹಿಂಡುಗಟ್ಟಿ ಇಳಿಯುವ ಹಸಿರು ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಗಿಣಿಶಾಸ್ತ್ರದವರ ಹಕ್ಕಿ ಚೀಟಿ ಎತ್ತಿಕೊಡುವುದನ್ನು ಕಂಡು ಅಂಥದ್ದನ್ನೇ ತರಬೇಕೆಂದು ಆಸೆಪಟ್ಟವರು ಮೊದಲು ಇದನ್ನು ತಿಳಿದಿರಬೇಕು. ಆಟ ಕಲಿಸಲು, ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದೇ ಮಾರುವ ಬಡ್ಗಿ ಅಥವಾ ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಸಾಕು. ಎರಡೂ ಆಸ್ಟ್ರೇಲಿಯಾ ಮೂಲದ ಗಿಳಿಗಳು. ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆಯೇ ಹಕ್ಕಿ.

ಮರಿ ಬೇಗ ಪಳಗುತ್ತದೆ. ಸಾಮಾನ್ಯ ಹಸಿರು ಬಡ್ಗಿಯಾದರೆ ಹಣೆಯ ಮೇಲಿನ ಕಪ್ಪು ಗೆರೆಗಳು ಕೊಕ್ಕಿನ ಬುಡದವರೆಗೂ ಬಂದಿವೆಯೇ ನೋಡಬೇಕು. ಮೂರು-ನಾಲ್ಕು ತಿಂಗಳಿಗೆ ಮೊದಲ ಸಲ ಗರಿ ಉದುರಿಸಿದ ಮೇಲೆ ಆ ಗೆರೆಗಳು ಹಿಂದೆ ಸರಿದುಬಿಡುತ್ತವೆ. ಪಂಜರವನ್ನು ಜನರ ಓಡಾಟವಿರುವ ಪಡಸಾಲೆಯ ಮೂಲೆಯಲ್ಲಿಟ್ಟು, ಮೊದಲ ವಾರ ನೀರು-ಕಾಳು ಕೊಡುವುದರ ಹೊರತು ಹಕ್ಕಿಯ ಗೊಡವೆಗೆ ಹೋಗಬಾರದು.

ಕಲಿಕೆಯ ಬಂಡವಾಳ ನವಣೆ ತೆನೆ. ಹಕ್ಕಿ ಸಾಮಾನಿನ ಅಂಗಡಿಗಳಲ್ಲಿ ‘ಮಿಲೆಟ್ ಸ್ಪ್ರೇ’ ಎಂಬ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರುವುದು ಇದನ್ನೇ. ಗದಗ, ಹಾವೇರಿ ಕಡೆ ನವಣೆ ಬೆಳೆಯುವ ಪರಿಚಯದವರಿದ್ದರೆ, ಔಷಧಿ ಸಿಂಪಡಿಸದ ಹೊಲದ ಒಂದು ಹಿಡಿ ತೆನೆ ತಿಂಗಳುಗಟ್ಟಲೆ ಬರುತ್ತದೆ. ಕಾಕಟೀಲ್‌ಗೆ ಕುಸುಬೆ ಅಥವಾ ಸೂರ್ಯಕಾಂತಿ ಬೀಜವೂ ಆದೀತು. ಆದರೆ ಪಾಠಕ್ಕೆಂದು ಆರಿಸಿಕೊಂಡ ಕಾಳನ್ನು ದಿನದ ಬಟ್ಟಲಿಗೆ ಹಾಕಬಾರದು. ಪುಕ್ಕಟೆ ಸಿಗುವುದಕ್ಕಾಗಿ ಯಾವ ಹಕ್ಕಿಯೂ ದುಡಿಯುವುದಿಲ್ಲ. ಹಾಗೆಂದು ಉಪವಾಸ ಕೆಡವುವುದು ತಪ್ಪು. ಮುಂಜಾನೆ ಬಟ್ಟಲು ತುಂಬಿಸುವ ಮುನ್ನ ಐದು ನಿಮಿಷ ಪಾಠ ಮಾಡಿದರೆ ಇರುವ ಹಸಿವೇ ಸಾಕಾಗುತ್ತದೆ.

ಮೊದಲ ಹೆಜ್ಜೆಯೇ ಎಲ್ಲಕ್ಕಿಂತ ನಿಧಾನದ್ದು. ತೆನೆ ಹಿಡಿದ ಕೈಯನ್ನು ಪಂಜರದೊಳಗೆ ಅಲುಗಿಸದೆ ಇಡಬೇಕು. ಹಕ್ಕಿ ಗರಿಗಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು ನೀಳವಾಗಿ ನಿಂತರೆ ಅದಕ್ಕೆ ಹೆದರಿಕೆಯಿದೆ ಎಂದರ್ಥ, ಆಗ ಕೈಯನ್ನು ಸ್ವಲ್ಪ ದೂರ ಸರಿಸಬೇಕು. ತಾನಾಗಿ ಬಂದು ಕುಕ್ಕುವವರೆಗೆ ವಾರವೂ ಆಗಬಹುದು, ತಿಂಗಳೂ ಆಗಬಹುದು. ಆಮೇಲೆ ಹೊಟ್ಟೆಯ ಕೆಳಗೆ, ಕಾಲುಗಳ ತುಸು ಮೇಲೆ ಬೆರಳನ್ನು ಮೆತ್ತಗೆ ತಾಗಿಸಿದರೆ ಅದು ಬೆರಳೇರುತ್ತದೆ.

ಎರಡನೆಯದು ಸದ್ದು. ಬಾಲ್‌ಪೆನ್ನಿನ ‘ಟಿಕ್’ ಸದ್ದು ಮಾಡಿ ಕೂಡಲೇ ಒಂದು ಕಾಳು ಕೊಡುವುದನ್ನು ಕೆಲವು ದಿನ ನಡೆಸಿದರೆ, ‘ಟಿಕ್’ ಎಂದರೆ ಮಾಡಿದ್ದು ಸರಿ, ಕಾಳು ಬಂತು ಎಂದು ಹಕ್ಕಿ ತಿಳಿದುಕೊಳ್ಳುತ್ತದೆ. ನಂತರ ಐಸ್‌ಕ್ಯಾಂಡಿ ಕಡ್ಡಿಯೊಂದನ್ನು ಅದರ ಮುಂದೆ ಹಿಡಿದು, ಕೊಕ್ಕು ತಾಗಿದ ಕ್ಷಣವೇ ‘ಟಿಕ್’ ಮಾಡಿ ಕಾಳು ಕೊಡಬೇಕು. ಕಡ್ಡಿ ಹೋದಲ್ಲಿಗೆ ಹಕ್ಕಿ ಹೋಗತೊಡಗಿತೆಂದರೆ ಉಳಿದ ಆಟಗಳು ಸುಲಭ: ಕಡ್ಡಿಯನ್ನು ಅದರ ಸುತ್ತ ತಿರುಗಿಸಿದರೆ ಸುತ್ತು ಹಾಕುತ್ತದೆ, ಗಂಟೆಯ ಪಕ್ಕದಲ್ಲಿ ಹಿಡಿದರೆ ಗಂಟೆ ಬಾರಿಸುತ್ತದೆ, ಕಸೂತಿಗೆ ಬಟ್ಟೆ ಬಿಗಿಯುವ ರಿಂಗಿನ ಆಚೆ ಹಿಡಿದರೆ ರಿಂಗಿನೊಳಗಿಂದ ದಾಟುತ್ತದೆ. ಕ್ರಮೇಣ ಕಡ್ಡಿಯನ್ನು ಬಿಟ್ಟು ಬೆರಳ ಸನ್ನೆಯನ್ನಷ್ಟೇ ಉಳಿಸಿಕೊಳ್ಳಬಹುದು.

‘ಟಿಕ್’ ತಡವಾದರೆ ಪಾಠವೇ ಬದಲಾಗುತ್ತದೆ. ನಮ್ಮ ಮನೆಯ ಕಾಕಟೀಲ್ ಸುತ್ತು ಹಾಕಿದ ಮೇಲೆ ನಾನು ಪೆನ್ನಿಗಾಗಿ ಜೇಬು ತಡಕುತ್ತಿದ್ದುದರಿಂದ, ಅಷ್ಟರಲ್ಲಿ ಅದು ತಲೆ ಬಗ್ಗಿಸಿದ್ದಕ್ಕೇ ಕಾಳು ಸಿಕ್ಕಂತಾಗಿ, ಸುತ್ತಿನ ಬೆನ್ನಿಗೇ ತಲೆ ಬಾಗಿಸುವುದನ್ನೂ ಕಲಿತುಬಿಟ್ಟಿತು. ಮನೆಗೆ ಬಂದವರು ಅದನ್ನು ನಮಸ್ಕಾರವೆಂದು ಮೆಚ್ಚಿದರು. ನಾವೂ ತಿದ್ದಲು ಹೋಗಲಿಲ್ಲ. ಕಚ್ಚಿದಾಗ ಕೂಗಾಡುವುದೂ ಇಂಥದ್ದೇ ತಪ್ಪು, ಏಕೆಂದರೆ ಆ ಗದ್ದಲವೇ ಕೆಲವು ಹಕ್ಕಿಗಳಿಗೆ ಬಹುಮಾನವಾಗುತ್ತದೆ.

ಹಕ್ಕಿಯನ್ನು ಪಂಜರದಿಂದ ಬಿಡುವ ಮುನ್ನ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಗಾಜಿಗೆ ಪರದೆ ಎಳೆಯಬೇಕು. ಚಾಕೊಲೇಟ್ ಮತ್ತು ಬೆಣ್ಣೆಹಣ್ಣು ಅದಕ್ಕೆ ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಆದ್ದರಿಂದ ಹಕ್ಕಿಯಿರುವ ಮನೆಯಲ್ಲಿ ರೊಟ್ಟಿಗೆ ಕಬ್ಬಿಣದ ಹಂಚೇ ಇರಲಿ.