ಹಲಗೆಗಳ ನಡುವೆ ಬಟ್ಟೆ ಬಿಗಿದು ನೀಲಿ ಅದ್ದುವ ಬಗೆ

ಮಡಚಿದ ಬಟ್ಟೆಯನ್ನು ಎರಡು ಹಲಗೆಗಳ ನಡುವೆ ಬಿಗಿದು ಬಣ್ಣದಲ್ಲಿ ಅದ್ದುವ ವಿಧಾನವನ್ನು ಜಪಾನಿನಲ್ಲಿ ಇತಾಜಿಮೆ ಎನ್ನುತ್ತಾರೆ. ಹಲಗೆ ಒತ್ತಿ ಹಿಡಿದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಆ ಬಿಳಿಯೇ ಚಿತ್ತಾರವಾಗುತ್ತದೆ.

ತೆಳುವಾದ ಹತ್ತಿ ಬಟ್ಟೆಯನ್ನು ಆರಿಸಿಕೊಂಡು, ಗಂಜಿ ಪೂರ್ತಿ ಹೋಗುವಂತೆ ಸೋಪಿನ ನೀರಿನಲ್ಲಿ ಕುದಿಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಮಡಚುವಾಗ ಸೀರೆಯ ನೆರಿಗೆ ಹಿಡಿಯುವಂತೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚಿ ಉದ್ದನೆಯ ಪಟ್ಟಿ ಮಾಡಿಕೊಳ್ಳಿ. ಮೊದಲ ಸಲ ನಾನು ಚಾಪೆಯಂತೆ ಸುತ್ತಿಬಿಟ್ಟಿದ್ದೆ. ಹೊರಗಿನ ಎರಡು ಸುತ್ತು ಕಡುನೀಲಿಯಾಗಿ, ಒಳಗಿನದು ಹಾಗೇ ಕೋರಾ ಉಳಿಯಿತು. ನೆರಿಗೆಯಲ್ಲಾದರೆ ಪ್ರತಿ ಪದರದ ಅಂಚೂ ಬಣ್ಣಕ್ಕೆ ತೆರೆದಿರುತ್ತದೆ. ಈಗ ಪಟ್ಟಿಯನ್ನು ಒಂದು ತುದಿಯಿಂದ ಸಮಬಾಹು ತ್ರಿಕೋನವಾಗಿ, ಅದೇ ರೀತಿ ಹಿಂದೆ ಮುಂದೆ ಮಡಚುತ್ತಾ ಹೋಗಿ, ಬಟ್ಟೆಗಿಂತ ಚಿಕ್ಕದಾದ ಎರಡು ಮರದ ತುಂಡುಗಳ ನಡುವೆ ಇಟ್ಟು ಕ್ಲಾಂಪಿನಿಂದ ಬಲವಾಗಿ ಬಿಗಿಯಿರಿ.

ಬಾನಿಗೆ, ಅಂದರೆ ಬಟ್ಟೆ ಅದ್ದುವ ಬಣ್ಣದ ನೀರಿಗೆ, ತೂಕದಲ್ಲಿ ಒಂದು ಭಾಗ ನೀಲಿ ಗಿಡದ ಪುಡಿ (ಇಂಡಿಗೊ), ಎರಡು ಭಾಗ ಅರಳಿದ ಸುಣ್ಣ, ಮೂರು ಭಾಗ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಬೇಕು. ಬಿಸಿನೀರಿಗೆ ಹಾಕಿ ನಿಧಾನವಾಗಿ ಕಲಕಿ ಬಿಡಿ. ಸುಣ್ಣ ಚರ್ಮವನ್ನು ಸುಡುವುದರಿಂದ ಕೈಗವಸು ಕಡ್ಡಾಯ. ನೀರಿನ ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿ, ಅದರ ಕೆಳಗೆ ನೀರು ಹಳದಿ ಛಾಯೆಗೆ ತಿರುಗಿದಾಗ ಬಾನಿ ಸಿದ್ಧವಾಗಿದೆ ಎಂದು ತಿಳಿಯಿರಿ. ನೀರು ಇನ್ನೂ ನೀಲಿಯಾಗಿದ್ದರೆ ಕಾಯಬೇಕು, ಏಕೆಂದರೆ ಕರಗದ ನೀಲಿ ನೂಲಿನೊಳಗೆ ಹೋಗದೆ ಮೇಲೆ ಮಾತ್ರ ಮೆತ್ತಿಕೊಂಡು ಒಗೆತದಲ್ಲಿ ಬಿಡುತ್ತದೆ.

ಬಿಗಿದ ಕಟ್ಟನ್ನು ಸಾದಾ ನೀರಿನಲ್ಲಿ ನೆನೆಸಿ, ಹಿಂಡಿ, ಗುಳ್ಳೆ ಏಳದಂತೆ, ತಳದ ಸುಣ್ಣದ ಗಸಿ ತಾಗದಂತೆ ಎರಡು ನಿಮಿಷ ಬಾನಿಯಲ್ಲಿ ಹಿಡಿಯಿರಿ. ಹೊರತೆಗೆದಾಗ ಹಸಿರಾಗಿ ಕಾಣುವ ಅಂಚುಗಳು ಗಾಳಿ ಸೋಕಿದಂತೆ ಕಣ್ಣೆದುರೇ ನೀಲಿಯಾಗುತ್ತವೆ. ಕಾಲು ಗಂಟೆ ಆರಲು ಬಿಟ್ಟು ಮತ್ತೆ ಅದ್ದಿ. ಒಂದೇ ಸಲ ಬಹಳ ಹೊತ್ತು ಮುಳುಗಿಸಿಡುವುದಕ್ಕಿಂತ ನಾಲ್ಕೈದು ಸಲ ಅದ್ದುವುದರಿಂದ ಬಣ್ಣ ಗಟ್ಟಿಯಾಗಿ ಕೂರುತ್ತದೆ.

ಪ್ರಯೋಗಕ್ಕೆ 30 ಸೆಂ.ಮೀ. ಚೌಕದ ತುಂಡುಗಳು ಸಾಕು. ಒಂದರಲ್ಲಿ ತ್ರಿಕೋನದ ಅಂಚುಗಳನ್ನು ಮಾತ್ರ ಅದ್ದಿ ನೋಡಿ: ಜಪಾನಿನ ನಗೋಯಾ ನಗರದ ಅರಿಮತ್ಸು ಎಂಬ ಪ್ರದೇಶ ಪ್ರಸಿದ್ಧಗೊಳಿಸಿದ, ಹಿಮದ ಹೂವಿನಂಥ ‘ಸೆಕ್ಕಾ’ ವಿನ್ಯಾಸ ಬರುವುದು ಹೀಗೆ. ಇನ್ನೊಂದರಲ್ಲಿ ಮಡಿಕೆ ಅದೇ ಇರಲಿ, ಹಲಗೆಯ ಆಕಾರವಷ್ಟೇ ಬದಲಾಗಲಿ. ನೀಲಿ ಪೂರ್ತಿ ಮೂಡಿದ ಮೇಲೆ ಕ್ಲಾಂಪ್ ಬಿಚ್ಚದೆಯೇ ಮೊದಲ ಜಾಲಾಟ ಮುಗಿಸಿ; ಅವಸರಪಟ್ಟು ಬಿಚ್ಚಿದರೆ ಮಡಿಕೆಯಲ್ಲಿ ನಿಂತ ಬಣ್ಣ ಬಿಳಿಯ ಮೇಲೆ ಹರಿಯುತ್ತದೆ.