ಪಾರ್ಕರ್ ನೌಕೆಯ ದತ್ತಾಂಶದಲ್ಲಿ ಸೌರಮಾರುತವನ್ನು ಓದುವ ಬಗೆ

ಸೌರಮಾರುತ ಎಂದರೆ ಸೂರ್ಯನಿಂದ ಸದಾ ಹೊರಹರಿಯುವ ಆವೇಶಭರಿತ ಕಣಗಳ ಗಾಳಿ. ಸೂರ್ಯನ ಸಮೀಪ ಹೋಗಿ ಅದನ್ನು ಅಳೆಯುವ ಪಾರ್ಕರ್ ಸೋಲಾರ್ ಪ್ರೋಬ್ ನೌಕೆ ಕಳುಹಿಸುವ ದತ್ತಾಂಶವನ್ನು ನಾಸಾ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ನನ್ನ ಬಳಿ ಪ್ರಾಜೆಕ್ಟ್‌ಗೆಂದು ಬರುವ ಎಂಎಸ್ಸಿ ವಿದ್ಯಾರ್ಥಿಗಳು ಕಡತ ಇಳಿಸಿಕೊಂಡ ಕೂಡಲೇ ಗ್ರಾಫ್ ಎಳೆಯಲು ಕೂರುತ್ತಾರೆ. ನಾನು ಲ್ಯಾಪ್‌ಟಾಪ್ ಮುಚ್ಚಿಸಿ ಕಾಗದ, ಪೆನ್ನು ಕೊಡುತ್ತೇನೆ. ಉಪಕರಣ ಏನನ್ನು ಅಳೆಯುತ್ತಿದೆ ಎಂದು ತಿಳಿಯದವರ ಗ್ರಾಫ್ ನನಗೆ ಬೇಡ.

ಮೊದಲು ಎಸ್‌ಪಿಸಿ ಎಂಬ ಫ್ಯಾರಡೆ ಕಪ್, ಅಂದರೆ ಒಳಗೆ ಬಂದ ಕಣಗಳನ್ನು ವಿದ್ಯುತ್ ಪ್ರವಾಹವಾಗಿ ಅಳೆಯುವ ಉಪಕರಣ. ಶಾಖಕವಚದ ಅಂಚಿನಾಚೆ ಚಾಚಿಕೊಂಡು ಸೂರ್ಯನನ್ನು ನೇರವಾಗಿ ನೋಡುವ ಬಟ್ಟಲು ಇದು. ಅದಕ್ಕೇ ಜಾಲರಿಗೆ ಟಂಗ್‌ಸ್ಟನ್, ವೈರಿಗೆ ನಿಯೋಬಿಯಂ, ನಿರೋಧಕಕ್ಕೆ ನೀಲಮಣಿ ಸ್ಫಟಿಕ. ಜಾಲರಿಯ ವೋಲ್ಟೇಜನ್ನು ದಾಟುವಷ್ಟು ಶಕ್ತಿಯುಳ್ಳ ಪ್ರೋಟಾನ್ ಮಾತ್ರ ಒಳಗಿನ ತಟ್ಟೆಯನ್ನು ಮುಟ್ಟುತ್ತದೆ. ಆ ವೋಲ್ಟೇಜನ್ನು ಎರಡು ಮಟ್ಟಗಳ ನಡುವೆ ಸರಸರನೆ ಏರಿಳಿಸಿ, ಅದೇ ಲಯದಲ್ಲಿ ಏರಿಳಿಯುವ ಪ್ರವಾಹವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬಿಸಿಲು ತಟ್ಟೆಯಿಂದ ಹೊರಡಿಸುವ ಎಲೆಕ್ಟ್ರಾನ್‌ಗಳ ಸ್ಥಿರ ಪ್ರವಾಹ ಹೀಗೆ ತಾನಾಗಿ ಹೊರಗುಳಿಯುತ್ತದೆ. ಇಡೀ ನೌಕೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಉಪಾಯ ಇದೇ.

ಈಗ ಲೆಕ್ಕ. ವೋಲ್ಟೇಜಿನ ವರ್ಗಮೂಲವನ್ನು 13.8ರಿಂದ ಗುಣಿಸಿದರೆ ಪ್ರೋಟಾನಿನ ವೇಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಪ್ರವಾಹದ ಶಿಖರ 640 ವೋಲ್ಟಿನಲ್ಲಿದ್ದರೆ ವೇಗ ಸುಮಾರು 350. ಅದರ ಪಕ್ಕದಲ್ಲಿ 1,280 ವೋಲ್ಟಿನ ಬಳಿ ಒಂದು ಸಣ್ಣ ಉಬ್ಬು ಕಂಡರೆ ವೇಗದ ಪ್ರೋಟಾನ್ ಸಿಕ್ಕಿತೆಂದು ಕುಣಿಯಬೇಡಿ. ಸಾಮಾನ್ಯವಾಗಿ ಅದು ಅದೇ ವೇಗದ ಆಲ್ಫಾ ಕಣ, ಅಂದರೆ ಹೀಲಿಯಂ ನ್ಯೂಕ್ಲಿಯಸ್: ದ್ರವ್ಯರಾಶಿ ಪ್ರೋಟಾನಿನ ನಾಲ್ಕು ಪಟ್ಟು, ಆವೇಶ ಎರಡೇ ಪಟ್ಟು; ಹಾಗಾಗಿ ಅದನ್ನು ತಡೆಯಲು ಇಮ್ಮಡಿ ವೋಲ್ಟೇಜ್ ಬೇಕು. ಶಿಖರದ ಅಗಲ ತಾಪವನ್ನು ಹೇಳುತ್ತದೆ. ಕಡತದಲ್ಲಿ ಅದು ಉಷ್ಣವೇಗವಾಗಿ, ಅಂದರೆ ತಾಪದಿಂದ ಕಣಗಳು ಅತ್ತಿತ್ತ ಓಡಾಡುವ ವೇಗವಾಗಿ ಇರುತ್ತದೆ. ಸೆಕೆಂಡಿಗೆ 100 ಕಿ.ಮೀ. ಎಂದರೆ ಸುಮಾರು 6 ಲಕ್ಷ ಕೆಲ್ವಿನ್. ಅಳತೆ ಸರಿಯಿದೆಯೇ ಎಂದು ಹೇಳುವ ಗುಣಮಟ್ಟದ ಫ್ಲ್ಯಾಗ್ ಸೊನ್ನೆಯಲ್ಲದ ಸಾಲುಗಳನ್ನು ಮರುಮಾತಿಲ್ಲದೆ ತೆಗೆದುಹಾಕಿ.

ಇನ್ನು ಸೂರ್ಯನಿಗೆ ತೀರಾ ಹತ್ತಿರದ ದಿನಗಳು. 2024ರ ಡಿಸೆಂಬರ್ 24ರಂದು ನೌಕೆ ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರದಲ್ಲಿ, ಸೆಕೆಂಡಿಗೆ ಸುಮಾರು 190 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಸಾಗಿತು. ಗಾಳಿ 300ರ ವೇಗದಲ್ಲಿ ಬೀಸುತ್ತಿದ್ದರೆ ನೌಕೆಗೆ ಅದು 32 ಡಿಗ್ರಿ ಓರೆಯಾಗಿ ಬಂದಂತೆ ತೋರುತ್ತದೆ. ಬಟ್ಟಲು ನೋಡುವುದು ಸೂರ್ಯನ ಕಡೆಗೆ. ಗಾಳಿಯ ಮುಖ್ಯ ಭಾಗ ಅದಕ್ಕೆ ಸರಿಯಾಗಿ ದಕ್ಕದು. ಇಂಥ ದಿನಗಳಿಗೆ ಕವಚದ ನೆರಳಿನಲ್ಲಿ, ನೌಕೆ ಸಾಗುವ ದಿಕ್ಕಿಗೆ ಮುಖ ಮಾಡಿರುವ ಸ್ಪ್ಯಾನ್ ಅಯಾನು ಮಾಪಕವನ್ನು ತೆಗೆದುಕೊಳ್ಳಿ. ವೇಗದ ಅಂಕಣ ನೌಕೆಗೆ ಸಾಪೇಕ್ಷವೋ ಸೂರ್ಯನಿಗೋ ಎಂದು ನೋಡಿಯೇ ಮುಂದುವರಿಯಿರಿ.

ಸ್ಪ್ಯಾನ್‌ಗೂ ಒಂದು ಕುಂದಿದೆ. ಶಾಖಕವಚ ಅದರ ನೋಟದ ಒಂದು ಪಾಲನ್ನು ಮರೆಮಾಡುವುದರಿಂದ ಸಾಂದ್ರತೆ ಎಷ್ಟೋ ಸಲ ಕಡಿಮೆ ಬರುತ್ತದೆ. ಹಾಗಾಗಿ ಫೀಲ್ಡ್ಸ್ ಉಪಕರಣದ ಆಂಟೆನಾಗಳ ರೇಡಿಯೋ ವರ್ಣಪಟಲ ತೆರೆದು ಪ್ಲಾಸ್ಮಾ ಆವರ್ತನದ, ಅಂದರೆ ಗಾಳಿಯ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಆವರ್ತನದ ಗೆರೆ ಹುಡುಕಿ. ಕಿಲೋಹರ್ಟ್ಸ್‌ನಲ್ಲಿರುವ ಅದನ್ನು 9ರಿಂದ ಭಾಗಿಸಿ ವರ್ಗ ಮಾಡಿ: 180 ಇದ್ದರೆ ಘನ ಸೆಂಟಿಮೀಟರಿಗೆ 400 ಎಲೆಕ್ಟ್ರಾನ್. ಸ್ಪ್ಯಾನ್ 150 ಎನ್ನುತ್ತಿದ್ದರೆ ಆಂಟೆನಾದ ಲೆಕ್ಕವನ್ನೇ ನಂಬಿ. ಜೊತೆಗೆ ಸ್ಪ್ಯಾನ್‌ನ ಗರಿಷ್ಠ ಎಣಿಕೆ ಕವಚದ ಪಕ್ಕದ ಕೋನದಲ್ಲೇ ಕೂತಿದ್ದರೆ ಆ ಅವಧಿಯ ವೇಗ, ತಾಪಗಳನ್ನೂ ಕೈಬಿಡಿ.